ಬಲ್ಬು ಹಾಕೋಕೆ ಹೋದ ಮನೆಗಳು

ಕರೆಂಟಿನ ಕೆಲಸದವನಿಗೆ ಶಾಕ್ ಹೊಡೆಯುವುದು ವೈರಿನಿಂದ ಅಂತ ಜನ ತಿಳಿದುಕೊಂಡಿದ್ದಾರೆ. ವೈರನ್ನು ಬೇಕಾದರೆ ನಂಬಬಹುದು, ಮೇನ್ ಸ್ವಿಚ್ ಇಳಿಸಿದರೆ ಸುಮ್ಮನಾಗುತ್ತದೆ. ಮನೆಯವರಿಗೆ ಮೇನ್ ಸ್ವಿಚ್ಚೇ ಇರುವುದಿಲ್ಲ. ಅರವತ್ತು, ಎಪ್ಪತ್ತರ ದಶಕದಲ್ಲಿ ನಾನು ದೊಡ್ಡಬಳ್ಳಾಪುರದ ಒಂದು ಎಲೆಕ್ಟ್ರಿಕ್ ಅಂಗಡಿಯಲ್ಲಿ ವೈರ್‌ಮನ್ ಆಗಿದ್ದೆ. ಸುತ್ತಮುತ್ತ ಒಂದೊಂದೇ ಊರಿಗೆ ಕರೆಂಟು ಕಂಬ ಬರುತ್ತಿತ್ತು, ಕಂಬದ ಹಿಂದೆ ನಾನೂ ಹೋಗುತ್ತಿದ್ದೆ. ಹೋದಲ್ಲೆಲ್ಲ ಏನಾದರೊಂದು ಆಗಿಯೇ ತೀರುತ್ತಿತ್ತು.

ಸೊನ್ನೆಗೆ ಸೊನ್ನೆ ಕೂಡಿದರೆ

ನನಗೆ ಮಿಡ್ಲ್ ಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟ ಮೇಷ್ಟ್ರು ರಿಟೈರಾದ ಮೇಲೆ ಮನೆಗೆ ಕರೆಂಟು ಹಾಕಿಸಿದರು. ಬಲ್ಬು ಆರಿಸಿಕೊಳ್ಳಲು ಅಂಗಡಿಗೆ ತಾವೇ ಬಂದರು. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು, ತೆಂಗಿನಕಾಯಿ ಅಲ್ಲಾಡಿಸಿದ ಹಾಗೆ ಅಲ್ಲಾಡಿಸಿ ನೋಡಿದರು. ಕೊನೆಗೆ ಕಣ್ಣು ಜೀರೋ ಬಲ್ಬಿನ ಮೇಲೆ ಬಿತ್ತು.

"ಇದೇನಯ್ಯಾ, ಇಷ್ಟು ಪುಟಾಣಿ?"

"ಜೀರೋ ಬಲ್ಬು ಸಾರ್. ರಾತ್ರಿ ಮಲಗೋ ಕೋಣೆಗೆ ಹಾಕ್ಕೋತಾರೆ."

"ಜೀರೋ ಅಂದ್ರೆ ಕರೆಂಟು ಎಳೆಯಲ್ಲ."

"ಹಂಗಲ್ಲ ಸಾರ್, ಅದು ಹೆಸರಿಗೆ ಮಾತ್ರ..."

"ಸೊನ್ನೆಗೆ ಸೊನ್ನೆ ಕೂಡಿದರೆ ಎಷ್ಟೋ?"

ಆ ದನಿ ಕೇಳಿದ್ದೇ ನನ್ನ ಅಂಗೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. "ಸೊನ್ನೆ ಸಾರ್" ಅಂದೆ.

ಮೇಷ್ಟ್ರು ಇಡೀ ಮನೆಗೆ ಜೀರೋ ಬಲ್ಬನ್ನೇ ತೆಗೆದುಕೊಂಡರು. ಬಿಳಿಯದು ಸಾಲದೆ ಕೆಂಪು, ಹಸಿರು, ನೀಲಿಯನ್ನೂ ಸೇರಿಸಿದರು. ಸಂಜೆ ಎಲ್ಲ ಹಾಕಿ ಸ್ವಿಚ್ ಒತ್ತಿದೆ. ಹಜಾರ ಕೆಂಪಾಯಿತು, ಅಡುಗೆಮನೆ ಹಸಿರಾಯಿತು, ಬಚ್ಚಲುಮನೆ ನೀಲಿಯಾಯಿತು. ಮೇಷ್ಟ್ರ ಹೆಂಡತಿ ಅನ್ನದ ತಪ್ಪಲೆಯ ಮುಚ್ಚಳ ತೆಗೆದವರು, ಅನ್ನ ಪಾಚಿ ಕಟ್ಟಿದೆ ಅಂತ ಬೆಚ್ಚಿ ಮತ್ತೆ ಮುಚ್ಚಿದರು.

ಮೇಷ್ಟ್ರು ಮಾತ್ರ ಮೀಟರಿನ ಮುಂದೆ ನಿಂತಿದ್ದರು. "ಚಕ್ರ ತಿರುಗ್ತಾ ಇದೆಯಲ್ಲೋ!"

"ತಿರುಗುತ್ತೆ ಸಾರ್."

ಅವರು ಬೆರಳು ಮಡಿಸಿ ಚಕ್ರದ ಸುತ್ತು ಎಣಿಸತೊಡಗಿದರು. ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: "ನಮ್ಮ ದೊಡ್ಡ ಮಗ ಬರೀ ಲೆಕ್ಕದಲ್ಲೇ ಯಾಕೆ ಫೇಲಾಗ್ತಾನೆ ಅಂತ ದೇವರಿಗೆ ಹರಕೆ ಹೊತ್ತಿದ್ದೆ ಕಣಪ್ಪಾ. ಪಾಪ, ಮನೇಲೇ ಪಾಠ ಹೇಳಿಸ್ಕೊಂಡಿದ್ದ."

ಅಣ್ಣ ಆರಿಸೋದು, ತಮ್ಮ ಹಚ್ಚೋದು

ಹೊಸಕೋಟೆ ಕಡೆಯ ಒಂದು ಹಳ್ಳಿಯಲ್ಲಿ ತರಕಾರಿ ಬೆಳೆಯುವ ಅಣ್ಣತಮ್ಮಂದಿರಿದ್ದರು. ಬಾವಿಯ ನೀರು ಹಾಯಿಸುವ ಸರದಿಗೆ ಜಗಳವಾಗಿ, ಮನೆಗೆ ನಡುಗೋಡೆ ಎದ್ದು, ಮಾತು ನಿಂತು ವರ್ಷಗಳಾಗಿದ್ದವು. ಆದರೆ ಬಲ್ಬು ಒಂದೇ. ಗೋಡೆಯಲ್ಲಿ ಒಂದು ಕಿಂಡಿ ಬಿಟ್ಟು ಎರಡೂ ಕಡೆಗೆ ಬೆಳಕು ಬೀಳುವ ಹಾಗೆ ಅದನ್ನು ಕೂರಿಸಿದ್ದರು. ಸ್ವಿಚ್ಚು ಅಣ್ಣನ ಪಾಲಿಗೆ ಬಂದಿತ್ತು. ಅಣ್ಣ ಹೊತ್ತು ಮುಳುಗುತ್ತಲೇ ಉಂಡು ಆರಿಸಿಬಿಡುವನು, ಅತ್ತ ತಮ್ಮನ ಮನೆಯಲ್ಲಿ ಒಲೆಯ ಮೇಲೆ ಇನ್ನೂ ಎಸರು ಕುದಿಯುತ್ತಿರುವುದು.

ತಮ್ಮ ನನ್ನನ್ನು ಕರೆಸಿದ. ಇಬ್ಬರೂ ನನ್ನ ಎದುರಿಗೇ ನಿಂತಿದ್ದರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

"ನನ್ ಕಡೀಕೂ ಒಂದು ಸ್ವಿಚ್ ಬೇಕು ಅಂತ ಅವ್ರಿಗೆ ಹೇಳಿ" ಅಂದ ತಮ್ಮ.

"ಹಾಕುಸ್ಕೊಳ್ಳಾಕೆ ಹೇಳಿ, ನಂದೇನೂ ಅಡ್ಡಿ ಇಲ್ಲ" ಅಂದ ಅಣ್ಣ.

ಮಹಡಿ ಮನೆಗಳ ಮೆಟ್ಟಿಲಿಗೆ ಹಾಕುವ ಹಾಗೆ ಟೂ-ವೇ ಸ್ವಿಚ್ ಹಾಕಿಕೊಟ್ಟೆ. ಯಾವ ಕಡೆಯಿಂದ ಬೇಕಾದರೂ ಹಚ್ಚಬಹುದು, ಯಾವ ಕಡೆಯಿಂದ ಬೇಕಾದರೂ ಆರಿಸಬಹುದು, ಗುಂಡಿ ಮೇಲೆ ಕೆಳಗೆ ಅನ್ನುವ ಲೆಕ್ಕವಿಲ್ಲ. ನ್ಯಾಯವಾಗಿ ಪಾಲು ಮಾಡಿದೆ ಅಂತ ನನಗೆ ಒಳಗೊಳಗೇ ಹೆಮ್ಮೆ.

ಆ ಸಂಜೆ ನಡೆದದ್ದನ್ನು ಅಣ್ಣನ ಹೆಂಡತಿ ಆಮೇಲೆ ನನಗೆ ಹೇಳಿದಳು. ಅಣ್ಣ ಆರಿಸಿದ, ತಮ್ಮ ಹಚ್ಚಿದ. ಇವನು ಟಕ್ ಅನಿಸಿದರೆ ಅವನೂ ಟಕ್ ಅನಿಸಿದ. ಬಲ್ಬು ಮಿಂಚುಹುಳದ ಹಾಗೆ ಮಿಣಮಿಣ ಅಂದಿತು. ಕಡೆಗೆ ಅಣ್ಣನಿಗೆ ತಡೆಯಲಾಗಲಿಲ್ಲ.

"ಲೇ! ಮನುಷ್ಯ ಮಲಿಕ್ಕಬೇಕೋ ಬ್ಯಾಡ್ವೋ?"

ಗೋಡೆಯಾಚೆಯಿಂದ ಉತ್ತರ ಬಂತು: "ಮುದ್ದೆ ತಿರುವ್ತಾವ್ಳೆ ಕಣಣ್ಣಾ! ಕತ್ಲಲ್ಲಿ ಕೈ ಸುಟ್ಕೊಂಡ್ರೆ ನೀನು ಬತ್ತೀಯಾ?"

ಮಾತಾಡಿಬಿಟ್ಟೆವಲ್ಲ ಅಂತ ಇಬ್ಬರಿಗೂ ಗಾಬರಿ. ಸ್ವಲ್ಪ ಹೊತ್ತಿನ ಮೇಲೆ ಅಣ್ಣ ಮೆತ್ತಗೆ ಕೇಳಿದನಂತೆ, "ಇನ್ನೂ ಉಂಡಿಲ್ವೇನ್ಲಾ? ಇಲ್ಲಿ ಬಸ್ಸಾರು ಮಿಕ್ಕೈತೆ, ಕಳುಸ್ಲಾ?"

ಮುಂದಿನ ವಾರ ಅದೇ ಊರಿನ ಇನ್ನೊಂದು ಮನೆಗೆ ಹೋಗಿದ್ದೆ. ಅಣ್ಣತಮ್ಮ ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿಕೊಂಡು ಎದುರಿಗೆ ಬರುತ್ತಿದ್ದರು. ನನಗೆ ಕಣ್ಣು ತುಂಬಿ ಬಂತು. ಹಾರ ಹಾಕುತ್ತಾರೇನೋ ಅಂತ ನಿಂತೆ. ಅಣ್ಣ ನನ್ನ ಕಡೆ ಕೈ ತೋರಿಸಿ ಕೂಗಿದ:

"ಇವ್ನೇ ಕಣ್ಲಾ ಉಲ್ಟಾ ವೈರು ಕೊಟ್ಟಿರೋನು! ಸ್ವಿಚ್ ಮ್ಯಾಲಿದ್ರೂ ಉರೀತದೆ, ಕೆಳಗಿದ್ರೂ ಉರೀತದೆ. ನೀನು ಆ ಕಡೆಯಿಂದ ಬಾ, ನಾನು ಈ ಕಡೆಯಿಂದ ಹಿಡ್ಕತೀನಿ!"

ನೆಲಮಂಗಲದ ಹೆಣ್ಣು

ಟ್ಯೂಬ್‌ಲೈಟು ಆಗಿನ್ನೂ ಹೊಸದು. ನೆಲಮಂಗಲದಲ್ಲಿ ಬೆಲ್ಲದ ಮಂಡಿ ಇಟ್ಟಿದ್ದ ಸಾಹುಕಾರರೊಬ್ಬರು ಅವಸರವಾಗಿ ಬರಹೇಳಿದರು. ಮಗಳನ್ನು ನೋಡಲು ಸಂಜೆ ಗಂಡಿನ ಕಡೆಯವರು ಬರುವವರಿದ್ದರು. ಹುಡುಗಿ ಎಣ್ಣೆಗೆಂಪು, ಲಕ್ಷಣವಾಗಿದ್ದಳು. ಆದರೂ ಟ್ಯೂಬ್‌ಲೈಟಿನಲ್ಲಿ ಎಲ್ಲರೂ ಬೆಳ್ಳಗೆ ಕಾಣುತ್ತಾರೆ ಅಂತ ಯಾರೋ ಅವರ ತಲೆಗೆ ತುಂಬಿದ್ದರು.

ಗೋಡೆಗೆ ಮರದ ಪಟ್ಟಿ ಹೊಡೆದು, ಚೋಕು ಕೂರಿಸಿ, ಟ್ಯೂಬು ಹಾಕಿದೆ. ಹೊರಡುವ ಹೊತ್ತಿಗೆ ಸಾಹುಕಾರರು ಕೈ ಹಿಡಿದುಕೊಂಡರು. "ನೀನು ಹೋಗ್ಬೇಡ ಗುರು. ಮಧ್ಯದಲ್ಲಿ ಕೈ ಕೊಟ್ರೆ? ನೆಂಟನ ಥರ ಕೂತಿರು." ಅವರದೇ ಒಂದು ಶಲ್ಯ ತಂದು ನನಗೆ ಹೊದಿಸಿದರು.

ಗಂಡಿನ ಕಡೆಯವರು ಬಂದು ಜಮಖಾನದ ಮೇಲೆ ಕೂತರು. ಹುಡುಗನ ತಾಯಿ ನನ್ನನ್ನು ತೋರಿಸಿ, "ಇವರು ಹುಡುಗಿಗೆ ಏನಾಗ್ಬೇಕು?" ಅಂದರು.

"ಸೋದರಮಾವ" ಅಂದೆ ನಾನು.

"ದೊಡ್ಡಪ್ಪನ ಮಗ" ಅಂದರು ಸಾಹುಕಾರರು.

ಅಷ್ಟರಲ್ಲಿ ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದಳು. ಅವಳು ಹೊಸ್ತಿಲು ದಾಟಿದ್ದೇ ಟ್ಯೂಬು ಕಣ್ಣು ಹೊಡೆಯಲು ಶುರು ಮಾಡಿತು. ಬೆಳಕಾದಾಗ ಹುಡುಗಿ ಕಾಣುವಳು, ಕತ್ತಲಾದಾಗ ಬಳೆಯ ಸದ್ದು ಕೇಳುವುದು. ಸಾಹುಕಾರರು ನನ್ನನ್ನೇ ದುರುಗುಟ್ಟಿ ನೋಡಿದರು. ಸೋದರಮಾವ ಶಲ್ಯ ಹೊದ್ದುಕೊಂಡು ಸ್ಟೂಲು ಹತ್ತುವುದು ಹೇಗೆ? ನಾನು ಬೆವರುತ್ತಾ ಕೂತೆ. ಹುಡುಗ ಒಂದೇ ಸಮನೆ ಟ್ಯೂಬು ನೋಡುತ್ತಿದ್ದ, ಬಾಯಿ ತೆರೆದಿತ್ತು.

ಹುಡುಗಿ ಒಂದು ಕ್ಷಣ ಕಾದಳು. ಆಮೇಲೆ ತಟ್ಟೆಯನ್ನು ಭಾವೀ ಅತ್ತೆಯ ಮಡಿಲಿಗೆ ಇಟ್ಟು, ಸೆರಗು ಸಿಕ್ಕಿಸಿಕೊಂಡು ಸ್ಟೂಲು ಹತ್ತಿದಳು. ಮಧ್ಯಾಹ್ನ ನಾನು ಮಾಡಿದ್ದನ್ನು ಬಾಗಿಲ ಸಂದಿಯಿಂದ ನೋಡಿದ್ದಳೆಂದು ಕಾಣುತ್ತದೆ, ಸ್ಟಾರ್ಟರನ್ನು ಸ್ವಲ್ಪ ತಿರುವಿ ಎರಡು ಸಲ ತಟ್ಟಿದಳು. ಭಗ್ ಅಂತ ಬೆಳಕು ಬಂತು.

ಸಾಹುಕಾರರು ತಲೆಯ ಮೇಲೆ ಕೈ ಹೊತ್ತರು. ಹೆಣ್ಣು ನೋಡುವ ದಿನ ಹುಡುಗಿ ಸ್ಟೂಲು ಹತ್ತಿದರೆ ಸಂಬಂಧ ಉಳಿಯುತ್ತದೆಯೇ? ಹುಡುಗನ ತಾಯಿ ಮೇಲಿನ ಟ್ಯೂಬು ನೋಡಿದರು, ಪಕ್ಕದ ಮಗನನ್ನು ನೋಡಿದರು.

"ನಮಗೆ ಒಪ್ಪಿಗೆ ಕಣ್ರೀ. ನಮ್ಮೋನೂ ಇದೇ ಜಾತಿ. ತಟ್ಟಿದ ಮೇಲೇ ಹತ್ಕೊಳ್ಳೋದು."

ಅಜ್ಜಿಯ ದೀಪ

ದೊಡ್ಡ ಕೆಲಸವಿದ್ದಾಗ ಹಿಂದೂಪುರದ ಕಡೆಯ ಒಬ್ಬ ವೈರ್‌ಮನ್ ನನ್ನ ಜೊತೆಗೆ ಬರುತ್ತಿದ್ದ. ಮನೆಮಾತು ತೆಲುಗು. ಕೆಲಸಕ್ಕೆ ಬೇಕಾದಷ್ಟು ಕನ್ನಡ ಕಲಿತಿದ್ದ, ಹಿರಿಯರು ಹೇಳಿದ್ದನ್ನು ತಪ್ಪದೆ ಮಾಡುವ ಒಳ್ಳೆಯ ಮನುಷ್ಯ.

ದೇವನಹಳ್ಳಿ ಹತ್ತಿರ ಒಂದು ರೈತರ ಮನೆ. ಗಂಡಸರು ದ್ರಾಕ್ಷಿ ತೋಟಕ್ಕೆ ಹೋಗಿದ್ದರು, ಅಜ್ಜಿ ಒಬ್ಬರೇ ಇದ್ದರು. ನಾನು ಅಟ್ಟದ ಮೇಲೆ ತೊಲೆಗೆ ಮರದ ಪಟ್ಟಿ ಹೊಡೆಯುತ್ತಿದ್ದೆ, ಬಾಯಿ ತುಂಬ ಮೊಳೆ ಕಚ್ಚಿಕೊಂಡಿದ್ದೆ. ಕೆಳಗೆ ಅವನು ನಡುಮನೆ, ಅಡುಗೆಮನೆ, ಕೊಟ್ಟಿಗೆಯ ಬಲ್ಬು ಹಾಕಿ, ಹತ್ತುತ್ತದೋ ಇಲ್ಲವೋ ನೋಡಿ, ಹಾಗೇ ಉರಿಯಲು ಬಿಟ್ಟಿದ್ದ.

ಅಜ್ಜಿ ಬಂದು ಕೈ ಮುಗಿದರು. "ಚೆಂದಾಗೈತೆ ಕಣಪ್ಪಾ. ಈಗ ದೀಪ ದೊಡ್ಡದು ಮಾಡು."

"ಆಯ್ತವ್ವಾ." ನಡುಮನೆಯ ನಲವತ್ತು ವ್ಯಾಟಿನ ಬಲ್ಬು ತೆಗೆದು ಅರವತ್ತರದ್ದು ಹಾಕಿದ.

"ಅಯ್ಯೋ, ಇದೇನು ಮಾಡ್ದೆ? ಪಟ್ಟಪಗಲು, ಬಿಸಿಲು ಹಿಂಗೈತೆ. ದೀಪ ದೊಡ್ಡದು ಮಾಡಪ್ಪಾ ಅಂದ್ರೆ!"

"ಮಾಡ್ತೀನಿ, ಕೋಪ ಮಾಡ್ಕೋಬೇಡಿ." ನೂರರ ಬಲ್ಬು ಹಾಕಿದ.

ಆಗ ನನಗೆ ಹೊಳೆಯಿತು. ನಮ್ಮ ಕಡೆ ಹಿರಿಯರು ದೀಪ ಆರಿಸು ಅನ್ನುವುದಿಲ್ಲ, ಅದು ಅಶುಭ. ಆರಿಸು ಅನ್ನಬೇಕಾದ ಕಡೆ ದೊಡ್ಡದು ಮಾಡು ಅನ್ನುತ್ತಾರೆ. ಅವನ ಸೀಮೆಯಲ್ಲಿ ಅದಕ್ಕೇ ದೀಪ ಬೆಟ್ಟ ಹತ್ತಿತು ಅನ್ನುತ್ತಾರಂತೆ, ದೊಡ್ಡದಾಗುವ ಸುದ್ದಿ ಅವನಿಗೆಲ್ಲಿ ಗೊತ್ತು? ಕೂಗಿ ಹೇಳೋಣ ಅಂದರೆ ಬಾಯಲ್ಲಿ ಮೊಳೆ. ನಗು ಬೇರೆ ಒತ್ತಿಕೊಂಡು ಬರುತ್ತಿತ್ತು. ನಕ್ಕರೆ ಮೊಳೆ ಗಂಟಲಿಗೆ ಇಳಿಯುತ್ತದೆ. "ಊಂ! ಊಂ!" ಅಂದೆ.

ಅವನು ತಲೆಯೆತ್ತಿ, "ಚೂಸ್ತಾ ಇದೀನಿ ಅಣ್ಣಾ, ನೋಡ್ತಾ ಇದೀನಿ, ಇನ್ನೂ ದೊಡ್ಡದು ಹಾಕ್ತೀನಿ" ಅಂದ.

ಅಜ್ಜಿಗೆ ಅಳು ಬರುವ ಹಾಗಾಗಿತ್ತು. "ನಿಂಗೆ ಕೈ ಮುಗೀತೀನಿ, ದೊಡ್ಡದು ಮಾಡೋ ಮಾರಾಯ! ಎಷ್ಟು ಸಲ ಹೇಳ್ಲಿ?"

ಅವನ ಮುಖದ ಮೇಲೆ ಬೆವರು ಹರಿಯುತ್ತಿತ್ತು. ಚೀಲ ತಡಕಿ, ರೇಷ್ಮೆ ಮಗ್ಗದ ಶೆಡ್ಡಿಗೆಂದು ಇಟ್ಟಿದ್ದ ಕುಂಬಳಕಾಯಿಯಂಥ ಬಲ್ಬನ್ನು ಹೊರಗೆ ತೆಗೆದ. ಅದು ಈ ಹೋಲ್ಡರಿಗೆ ಹಿಡಿಸಲಿಲ್ಲ. ಹೋಲ್ಡರು ಬಿಚ್ಚಿ, ಅವಸರದಲ್ಲಿ ಎರಡು ವೈರನ್ನೂ ಟೇಪು ಸುತ್ತದೆ, ಒಂದಕ್ಕೊಂದು ತಾಗುವ ಹಾಗೆಯೇ ಬಲ್ಬಿಗೆ ಕಟ್ಟಿ, ದೇವರನ್ನು ನೆನೆದು ಸ್ವಿಚ್ ಒತ್ತಿದ.

ಢಬ್ ಅಂತ ಸದ್ದಾಯಿತು. ಫ್ಯೂಸು ಹಾರಿತು. ಅಡುಗೆಮನೆ, ಕೊಟ್ಟಿಗೆ, ಎಲ್ಲ ಕಡೆಯ ಬಲ್ಬೂ ಒಟ್ಟಿಗೇ ಆರಿತು.

ಅವನು ಕುಂಬಳಕಾಯಿ ಬಲ್ಬಿನ ಕೆಳಗೆ ಕಿವಿ ಮುಚ್ಚಿಕೊಂಡು ನಿಂತಿದ್ದ. ಅಜ್ಜಿ ಅವನ ಹತ್ತಿರ ಬಂದು, ಕೆನ್ನೆ ಸವರಿ, ನೆಟಿಗೆ ಮುರಿದರು.

"ಹಾಂ, ಈಗ ದೊಡ್ಡದಾಯ್ತು ನೋಡು! ಇಡೀ ಮನೇದೇ ದೊಡ್ಡದು ಮಾಡ್ಬಿಟ್ಟೆ. ಕೆಲಸ ಗೊತ್ತೈತೆ ನಿಂಗೆ, ಹೇಳೋದು ಕೇಳಲ್ಲ ಅಷ್ಟೇ."