ಕಾಕೂನ ಗೇಣಿಗೆ ಕಟ್ಟಿದ ಕಾರು

ನಮ್ಮ ಕಾಕಾ ಕಟ್ಟಿದ ಕಾರಿನಲ್ಲಿ ಯಾವ ಮನುಷ್ಯನೂ ನೆಟ್ಟಗೆ ಕೂರಲಾರ. ಸಂಶಯವಿದ್ದರೆ ಭಾಲ್ಕಿಗೆ ಹೋಗಿ ನೀವೇ ಕೂತು ನೋಡಿ! ಐದೂವರೆ ಅಡಿಯ ನಾನು ಕೂತರೆ ಮೊಣಕಾಲು ಎದೆಗೆ ಬರುತ್ತವೆ, ತಲೆ ಮೇಲಿನ ತಗಡಿಗೆ ಬಡಿಯುತ್ತದೆ. ಸ್ವತಃ ಕಾಕಾ ಆರಡಿಯ ಆಳು. ಸ್ಟೀರಿಂಗ್ ಹಿಡಿದು ಕೂತರೆ ಏನೋ ತಪ್ಪು ಮಾಡಿ ಬಗ್ಗಿ ನಿಂತ ಸಾಲೆಯ ಹುಡುಗನ ಹಾಗೆ ಕಾಣುತ್ತಾರೆ. ಈ ದೂರನ್ನು ನಾನೊಮ್ಮೆ ಅವರ ಮುಂದಿಟ್ಟೆ.

"ಗಾಡಿ ಬರೋಬ್ಬರಿ ಅದ ತಮ್ಮಾ. ನೀ ಉದ್ದ ಆಗೀದಿ" ಅಂದುಬಿಟ್ಟರು.

ಒಬ್ಬರು ಮಾತ್ರ ಅದರಲ್ಲಿ ನೆಟ್ಟಗೆ ಕೂರುತ್ತಿದ್ದರು. ಅವರಿಗಾಗಿಯೇ ಕಟ್ಟಿದ ಕಾರು ಅದು.

ಕಾಕಾ ನನ್ನ ಅಪ್ಪನ ತಮ್ಮ. ಸರ್ಕಾರಿ ಮೋಜಣಿ ಕೆಲಸದಲ್ಲಿದ್ದು ನಿವೃತ್ತರಾದವರು. ಔರಾದ ತಾಲೂಕಿನ ಅರ್ಧ ಹೊಲಗಳನ್ನು ಸರಪಳಿ ಎಳೆದು ಅಳೆದವರು. ಕೆಲಸ ಬಿಟ್ಟಿತು, ಕೈ ಬಿಡಲಿಲ್ಲ! ಯಾರ ಮನೆಗೆ ಹೋದರೂ ಮೊದಲು ಹೊಸ್ತಿಲು ಅಳೆಯುವುದು, ಆಮೇಲೆ ಕ್ಷೇಮ ಸಮಾಚಾರ. ನನ್ನ ಮದುವೆಯಲ್ಲಿ ಎಲ್ಲರೂ ಅಕ್ಷತೆ ಹಿಡಿದು ನಿಂತಿದ್ದರೆ ಇವರು ಮಂಟಪದ ಕಂಬ ಹಿಡಿದು ನಿಂತಿದ್ದರು. ಅದು ನಾಲ್ಕು ಬೆರಳು ವಾಲಿತ್ತಂತೆ. ಫೋಟೋದಲ್ಲಿ ನೋಡಿದವರು ಪೆಂಡಾಲಿನವನು ಇರಬೇಕು ಅಂದುಕೊಳ್ಳುತ್ತಾರೆ.

ಇಂಥವರಿಗೆ ಹೆಂಡತಿಯಾಗಿ ನಮ್ಮ ಕಾಕೂ ಎಂಥವರು ಸಿಕ್ಕಿದ್ದರು ಗೊತ್ತೇ? ಕಾಕಾನ ಎದೆಯವರೆಗೂ ಬರುತ್ತಿರಲಿಲ್ಲ. ತವರು ಮಹಾರಾಷ್ಟ್ರದ ಗಡಿಯ ಹತ್ತಿರದ ಡಾಬಕಾ. ಅಲ್ಲಿ ಅವರ ಅಕ್ಕ ಇದ್ದಾರೆ, ನಾವೆಲ್ಲ ಡಾಬಕಾ ಮಾವಶಿ ಎನ್ನುತ್ತೇವೆ. ಆ ಅಕ್ಕನ ಹೆಸರು ಎತ್ತಿದರೆ ಸಾಕು, ಕಾಕೂ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟುವುದು ಮರೆಯುತ್ತಿದ್ದರು. ವಯಸ್ಸಾದ ಮೇಲೆ ಅವರ ಮೊಣಕಾಲುಗಳು ಹಟಕ್ಕೆ ಬಿದ್ದವು. ಬಸ್ಸಿನ ಮೆಟ್ಟಿಲು ಹತ್ತುವುದು ಹೇಗೋ ಆಗುತ್ತಿತ್ತು, ಇಳಿಯುವುದೇ ದೊಡ್ಡ ಕೆಲಸ. ಒಂದು ಕಾಲು ನೆಲಕ್ಕೆ ಬಂದ ಮೇಲೆ ಇನ್ನೊಂದು ಕಾಲು ಬರಲು ಅದರದೇ ವೇಳೆ ಬೇಕು.

ಒಂದು ದಿನ ಡಾಬಕಾದಿಂದ ತಿರುಗಿ ಬರುವಾಗ ಭಾಲ್ಕಿ ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್, "ಜಲ್ದಿ ಇಳೀರಿ ಅವ್ವಾ, ಜಲ್ದಿ!" ಎಂದ.

"ಒಂದು ಕಾಲು ಇಳದದ ಯಪ್ಪಾ, ಇನ್ನೊಂದು ಬಾಕಿ ಅದ" ಎಂದರು ಕಾಕೂ.

ಆ ಗದ್ದಲದಲ್ಲಿ ಅದು ಯಾರಿಗೆ ಕೇಳಬೇಕು? ಕಂಡಕ್ಟರ್ ಸೀಟಿ ಊದಿದ, ಬಸ್ಸು ಹೊರಟಿತು, ಕಾಕೂ ಬಿದ್ದರು. ಮೂಳೆ ಮುರಿಯಲಿಲ್ಲ. ಆದರೆ ಅಷ್ಟು ಜನರ ಮುಂದೆ ಸೀರೆ ಸರಿಮಾಡಿಕೊಳ್ಳುತ್ತ ಎದ್ದು ನಿಂತದ್ದು ಅವರ ಮನಸ್ಸಿನಲ್ಲಿ ಉಳಿದುಬಿಟ್ಟಿತು. "ಇನ್ನ ನಾ ಎಲ್ಲಿಗೂ ಬರಾಂಗಿಲ್ಲ ರೀ" ಎಂದು ಮನೆಯೊಳಗೆ ಹೋದವರು ಮತ್ತೆ ಡಾಬಕಾ ದಾರಿ ಹಿಡಿಯಲಿಲ್ಲ. ಅಕ್ಕನೂ ಅದೇ ಅಳತೆಯ ಹೆಂಗಸು, ಅದೇ ಮೊಣಕಾಲು! ಅವರು ಇಲ್ಲಿಗೆ ಬರುವ ಹಾಗಿಲ್ಲ, ಇವರು ಅಲ್ಲಿಗೆ ಹೋಗುವ ಹಾಗಿಲ್ಲ. ಫೋನಿನಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಮೊಣಕಾಲಿನ ವರದಿ ಒಪ್ಪಿಸುತ್ತಿದ್ದರು.

ಕಾಕಾ ಸುಮ್ಮನಿರಲಿಲ್ಲ. ಅವರ ಅಳಿಯ ಕಾರು ತಂದ. ಅದರ ಸೀಟು ಎಷ್ಟು ತಗ್ಗೆಂದರೆ ಕಾಕೂ ಕೂತರೇನೋ ಸರಿ, ಎಬ್ಬಿಸಲು ಬಾವಿಯಿಂದ ಕೊಡ ಎತ್ತುವ ಹಾಗೆ ಮೂವರು ಜಗ್ಗಬೇಕಾಯಿತು. ಆಟೋ ನೋಡಿದ್ದಾಯಿತು, ಟಂಟಂ ನೋಡಿದ್ದಾಯಿತು, ಜೀಪೂ ಆಯಿತು. ಕೊನೆಗೆ ಕಾಕಾ ಟೇಪು ಹಿಡಿದು ಬಸ್‌ಸ್ಟ್ಯಾಂಡಿನ ಮುಂದೆ ನಿಂತ ಒಂದೊಂದೇ ಗಾಡಿಯ ಮೆಟ್ಟಿಲು ಅಳೆಯತೊಡಗಿದರು. ಬಿಳಿ ಅಂಗಿ, ಕನ್ನಡಕ, ಕೈಯಲ್ಲಿ ವಹಿ. ಡ್ರೈವರುಗಳೆಲ್ಲ ಸಾಲಾಗಿ ನಿಂತು ಲೈಸೆನ್ಸ್ ತೆಗೆದು ತೋರಿಸಿದರು! ಒಬ್ಬನಂತೂ, "ಸಾಹೇಬರ, ಇನ್ಸೂರೆನ್ಸು ನಾಳಿಗಿ ತುಂಬ್ತೇನಿ ರಿ" ಎಂದು ಕೈಮುಗಿದನಂತೆ.

ಮನೆಗೆ ಬಂದ ಕಾಕಾ ತೀರ್ಪು ಕೊಟ್ಟರು: "ಗಾಡಿ ಮಾಡವರೆಲ್ಲಾ ಎತ್ತರ ಮಂದಿ. ಗಿಡ್ಡ ಮಂದಿ ಗಾಡಿ ನಾನೇ ಮಾಡ್ತೇನಿ."

ಔರಾದ ಕಡೆಯ ಹೊಲವೊಂದರಲ್ಲಿ ಹಳೆಯ ಜೀಪಿನ ಅಸ್ಥಿಪಂಜರ ಬಿದ್ದಿತ್ತು. ಚಾಸಿ, ಎಂಜಿನ್, ನಾಲ್ಕು ಗಾಲಿ, ಅಷ್ಟೇ. ಆ ಹೊಲ ಅಳೆಯಲು ಹೋದಾಗಲೇ ಕಾಕಾ ಅದನ್ನು ಕಣ್ಣಳತೆಯಲ್ಲಿ ಇಟ್ಟುಕೊಂಡಿದ್ದರು. ಅದು ಟ್ರ್ಯಾಕ್ಟರಿನಲ್ಲಿ ಬಂದು ಮನೆಯ ಮುಂದಿನ ತಗಡಿನ ಚಪ್ಪರದಲ್ಲಿ ಇಳಿದಾಗ ಓಣಿಯ ಜನ, "ಚಾಸಿ ಬಂತು, ಗಾಡಿ ಎಲ್ಲಿ ರಿ?" ಎಂದರು. ಕಾಕೂ ಮಾತ್ರ ಅರಿಶಿನ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಎಂಜಿನ್ನಿನ ಸಂದಿಯಲ್ಲಿ ಕೈ ಹಾಕಿ ಎರಡು ಕೋಳಿಮೊಟ್ಟೆ ತೆಗೆದರು. ಅದು ಅಷ್ಟು ವರ್ಷದಿಂದ ಯಾರ ಮನೆಯಾಗಿತ್ತು ಎಂದು ಆಗ ತಿಳಿಯಿತು.

ಇಲ್ಲಿಂದ ಕಾಕಾನ ನಿಜವಾದ ಹುಚ್ಚು ಶುರು. ಜೀವನವೆಲ್ಲ ಸರಪಳಿ, ಟೇಪು ಹಿಡಿದ ಮನುಷ್ಯ ಈ ಕಾರಿಗೆ ಇಂಚು ಬೇಡ ಎಂದರು! ಎಲ್ಲವೂ ಕಾಕೂನ ಗೇಣಿನಲ್ಲಿ. ನೆಲದಿಂದ ಕಾಲಿಡುವ ಪಾವಟಿಗೆ ಒಂದು ಗೇಣು, ಪಾವಟಿಯಿಂದ ಸೀಟಿಗೆ ಎರಡು ಗೇಣು. ಕಾಕೂ ಹಿಟ್ಟಿನ ಕೈಯಲ್ಲೇ ಬಂದು ಅಳೆದು ಕೊಟ್ಟು ಹೋಗುವುದು. ಚಾಸಿಯ ತುಂಬ ಜೋಳದ ಹಿಟ್ಟಿನ ಬೆರಳಚ್ಚು.

"ಕಾಕಾ, ಟೇಪು ಇಟ್ಕೊಂಡು ಇದೇನ್ರಿ?" ಎಂದೆ.

"ಟೇಪಿನಿಂದ ಹೊಲಾ ಅಳೀತಾರ. ಹೆಣ್ತಿಗಲ್ಲ."

ಹೀಗೆ ಹೇಳಿದವರು ಸೀಟಿನ ಪೆಟ್ಟಿಗೆ ಮಾಡಲು ಬೀದರಿನ ತಗಡಿನ ಉಸ್ತಾದರಿಗೆ ಫೋನಿನಲ್ಲಿ, "ಅಗಲ ಮೂರು ಗೇಣು" ಎಂದುಬಿಟ್ಟರು. ಉಸ್ತಾದರು ಒಂದು ಕಾಲದ ಪೈಲವಾನರು. ಅವರ ಅಂಗೈ ನಮ್ಮನೆಯ ರೊಟ್ಟಿ ಹಂಚಿಗಿಂತ ಸ್ವಲ್ಪವೇ ಸಣ್ಣದು. ಪೆಟ್ಟಿಗೆ ಬಂದಾಗ ಅದರಲ್ಲಿ ಕಾಕೂ ಎರಡು ಸಲ ಕೂರಬಹುದಿತ್ತು!

"ಸಾಬ, ಮೂರು ಗೇಣ ಅಂದ್ರಿ, ಮೂರೇ ಮಾಡೀನಿ. ನನ್ನ ಕೈ ಖೋಟಾ ಅದ ಏನ್ರಿ?" ಎಂದು ಉಸ್ತಾದರು ಕೈ ಚಾಚಿ ತೋರಿಸಿದರು. ಅವರ ಮಾತಿನಲ್ಲಿ ತಪ್ಪು ಹುಡುಕಿ ನೋಡೋಣ!

ಆ ಪೆಟ್ಟಿಗೆ ಹಿಂದಿನ ಬೆಂಚಾಯಿತು. "ಛಲೋನೇ ಆತು, ಅಲ್ಲಿ ನಮ್ಮಕ್ಕ ಕೂಡ್ತಾಳ" ಎಂದರು ಕಾಕೂ. ಆಮೇಲೆ ಕಾಕಾ ಹೆಂಡತಿಯ ಹಳೆಯ ಸೀರೆಯ ಅಂಚು ಹರಿದು, ಗೇಣಿಗೊಂದು ಗಂಟು ಹಾಕಿ, ಒಂಬತ್ತು ಗಂಟಿನ ಸರಪಳಿ ಮಾಡಿದರು. ಉಸ್ತಾದರಿಗೆ ಅದನ್ನೇ ಕೊಟ್ಟು ಕಳಿಸುವುದು, ಕೆಲಸ ಮುಗಿದ ಮೇಲೆ ಚಪ್ಪರದ ಮೊಳೆಗೆ ತೂಗುಹಾಕುವುದು.

ಸುದ್ದಿ ಕೇಳಿ ಸಾರಿಗೆ ಕಚೇರಿಯ ಅಧಿಕಾರಿಯೊಬ್ಬರು ಬಂದರು. ಸುತ್ತಲೂ ನೋಡಿ, ಚಹಾ ಕುಡಿದು, ಬಹಳ ಮರ್ಯಾದೆಯಿಂದ, "ಸರ್, ಗಾಡಿ ಭಾಳ ಚಂದ ಅದ. ರೋಡಿಗಿ ಮಾತ್ರ ತರಬ್ಯಾಡ್ರಿ" ಎಂದರು. ಕಾಕಾ ತಲೆಯಾಡಿಸಿದರು. ಅವರು ಹೋದ ಮೇಲೆ ಹಳೆಯ ನಕ್ಷೆ ಹರಡಿ, "ಡಾಂಬರ ರೋಡ ಯಾರಿಗಿ ಬೇಕು? ಡಾಬಕಾ ತನಕ ಬಂಡಿದಾರಿ ಎಲ್ಲಾ ನನಗ ಗೊತ್ತವ" ಎಂದರು. ಆ ಬಂಡಿದಾರಿಗಳಲ್ಲಿ ಈಗ ತೊಗರಿ ಬೆಳೆಯುತ್ತದೆ ಎಂದು ಅವರಿಗೆ ಹೇಳುವ ಧೈರ್ಯ ಯಾರಿಗಿತ್ತು?

ಬೀದರಿನಲ್ಲಿ ಮಾಸ್ತರಿಕೆ ಮಾಡುವ ನಾನು ರವಿವಾರಕ್ಕೊಮ್ಮೆ ಹೋಗುತ್ತಿದ್ದೆ. ಸಂಜೆಯ ಚಹಾ ಕಾರಿನಲ್ಲೇ. ಕಾಕೂ ಎಡಗಡೆಯ ಸೀಟಿನಲ್ಲಿ, ಕಾಲು ಎರಡೂ ಸಮನಾಗಿ ಊರಿಕೊಂಡು, ಸೆರಗು ಹೊದ್ದು, ಯಾವುದೋ ಸಂಸ್ಥಾನದ ರಾಣಿಯಂತೆ. ಚಹಾ ಆದ ಮೇಲೆ ಇಳಿಯುವ ಅಭ್ಯಾಸ. ಕಾಕಾ ಇಳಿದು, ಸುತ್ತು ಹಾಕಿ ಬಂದು, ಬಾಗಿಲು ಬರಬೇಕಾದ ಜಾಗದಲ್ಲಿ ಗಾಳಿಯನ್ನೇ ಹಿಡಿದು ನಿಲ್ಲುತ್ತಿದ್ದರು.

"ಒಂದು ಕಾಲು ಇಳದದ ರೀ. ಇನ್ನೊಂದು ಬಾಕಿ ಅದ."

"ಇರಲಿ, ಬರಲಿ ಅದು."

ಒಮ್ಮೆ ನಾನು ಗಡಿಯಾರ ನೋಡಿ, "ಜಲ್ದಿ ಇಳೀರಿ ಕಾಕೂ, ನನ್ನ ಬಸ್ಸು ಹೋಗ್ತದ" ಎಂದುಬಿಟ್ಟೆ. ಕಾಕೂ ನಕ್ಕರು. ಕಾಕಾ ನಗಲಿಲ್ಲ. "ಈ ಗಾಡ್ಯಾಗ ಆ ಮಾತಿಲ್ಲ ತಮ್ಮಾ" ಎಂದರು. ನನಗೆ ಇವತ್ತಿಗೂ ಆ ಮಾತಿನಿಂದ ನಾಚಿಕೆಯಾಗುತ್ತದೆ.

ಕಾರಿಗೆ ಬಾಕಿ ಇದ್ದದ್ದು ಕಾಕೂನ ಕಡೆಯ ಬಾಗಿಲೊಂದೇ. ತಮ್ಮ ಕಡೆಗೆ ಕಾಕಾ ಬಾಗಿಲೇ ಇಟ್ಟಿರಲಿಲ್ಲ, "ನಾ ಎಲ್ಲಿ ಓಡಿ ಹೋಗ್ತೇನಿ?" ಎಂದು. ಆದರೆ ಕಾಕೂ ಹಟ ಹಿಡಿದಿದ್ದರು: "ಬಾಗಲಾ ಇಲ್ಲದ ಗಾಡ್ಯಾಗ ನಾ ತವರಿಗಿ ಹೋಗಾಂಗಿಲ್ಲ. ಮಂದಿ ನಗ್ತಾರ."

ಬಾಗಿಲು ಏನು ದೊಡ್ಡದು, ಒಂದು ವಾರದ ಕೆಲಸ! ನಮ್ಮ ಕಾಕಾ ಅದಕ್ಕೆ ಒಂದು ವರ್ಷ ತೆಗೆದುಕೊಂಡರು. ಕಾಕೂನ ಬೆರಳು ಸಂಧಿವಾತದಿಂದ ಬಾಗಿದ್ದವು. ಎರಡೇ ಬೆರಳಿಗೆ ತೆಗೆಯುವಂಥ ಹಿಡಿಕೆ ಬೇಕು. ಒಂದು ಬಿಗಿಯಾಯಿತು, ಒಂದು ತಣ್ಣಗಾಯಿತು, ಒಂದಕ್ಕೆ ಬಳೆ ಸಿಕ್ಕಿಕೊಂಡಿತು. ಹೀಗೆ ಐದು ಹಿಡಿಕೆ ತಿರಸ್ಕಾರವಾದವು. ಖಟಕ ಚಿಂಚೋಳಿಯ ಲೇತಿನವರಂತೂ ಕಾಕಾನನ್ನು ದೂರದಲ್ಲಿ ಕಂಡರೆ ಲೇತ್ ನಿಲ್ಲಿಸಿ ಕರೆಂಟ್ ಇಲ್ಲ ಎನ್ನುತ್ತಿದ್ದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು.

ಆರನೆಯ ಹಿಡಿಕೆ ಸರಿಹೋಯಿತು. ಅದು ಕಾಕಾನ ಕೈಗೆ ಬಂದ ವಾರವೇ ಕಾಕೂನ ಎದೆಯಲ್ಲಿ ನೋವು ಕಾಣಿಸಿತು. ಆಂಬುಲೆನ್ಸ್ ಬಂತು. ಸ್ಟ್ರೆಚರಿನಲ್ಲಿ ಎತ್ತಿ ಒಳಗಿಟ್ಟರು. ಮೆಟ್ಟಿಲು ಹತ್ತದೆ, ಮೊಣಕಾಲು ನೋಯದೆ ಅವರು ಹೋದ ಮೊದಲ ಗಾಡಿ ಅದು. ತಿರುಗಿ ಬರಲಿಲ್ಲ.

ಮಣ್ಣಾದ ಮೇಲೆ ಕಾಕಾ ಚಪ್ಪರದಲ್ಲಿ ಕೂತರು. ಮೊಳೆಯ ಮೇಲಿನ ಸೀರೆಯ ಅಂಚನ್ನು ಮುಟ್ಟಲಿಲ್ಲ, ಬಾಗಿಲಿನ ತಗಡನ್ನು ಮುಟ್ಟಲಿಲ್ಲ. ನಾನು ಬುದ್ಧಿವಂತನ ಹಾಗೆ, "ಕಾಕಾ, ಬಾಕಿ ಒಂದೇ ಬಾಗಿಲು ರೀ, ಮುಗಿಸಿಬಿಡ್ರಿ" ಎಂದೆ.

"ಎಲ್ಲಾರಿಗೂ ಜಲ್ದಿ ಮಾಡಬ್ಯಾಡ್ರಿ ಅಂದೆ ತಮ್ಮಾ" ಎಂದರು ಕಾಕಾ. "ನಾ ಜಲ್ದಿ ಮಾಡಬೇಕಾಗಿತ್ತು."

ನನಗೆ ಅಳು ಬಂತು, ಎದ್ದು ಹೊರಗೆ ಹೋದೆ.

ವರ್ಷದ ಕಾರ್ಯಕ್ಕೆ ಡಾಬಕಾ ಮಾವಶಿ ಬಂದರು. ಬಸ್ಸಿನಿಂದ ಅವರನ್ನು ನಾನು ಮತ್ತು ಅಳಿಯ ಸೇರಿ ಇಳಿಸಿದೆವು. ಊಟ ಆದ ಮೇಲೆ ಅವರು ಚಪ್ಪರಕ್ಕೆ ಹೋಗಿ ಕಾರಿನ ಸುತ್ತ ಒಂದು ಸುತ್ತು ಬಂದರು. ಪಾವಟಿಯ ಮೇಲೆ ಕಾಲಿಟ್ಟರು, ತಂಗಿಯ ಸೀಟಿನಲ್ಲಿ ಕೂತರು. ಯಾರೂ ಜಗ್ಗಲಿಲ್ಲ, ಯಾರೂ ತಳ್ಳಲಿಲ್ಲ. ಎರಡೂ ಕಾಲು ಸಮನಾಗಿ ಊರಿದವು. ಕಾಕಾ ಕಣ್ಣು ಬೇರೆ ಕಡೆ ತಿರುಗಿಸಿದರು.

ಮಾವಶಿ ಇಳಿದು, ಮೊಳೆಯ ಮೇಲಿನ ಸೀರೆಯ ಅಂಚು ತೆಗೆದು ಕಾಕಾನ ಕೈಯಲ್ಲಿಟ್ಟರು. "ಬಾಗಲಾ ಹಚ್ಚರಿ. ಆಕಿ ಬಾಗಲಾ ಇಲ್ಲದ ಗಾಡ್ಯಾಗ ಊರಿಗಿ ಬರಾಂಗಿಲ್ಲ ಅಂದಾಳ. ಬಾಗಲಾ ಹಚ್ಚಿ ಕರಕೊಂಡು ಬರ್ರಿ."

ನಾಲ್ಕು ದಿನದಲ್ಲಿ ಬಾಗಿಲು ಕೂತಿತು. ಮಾವಶಿ ಅಲ್ಲಿಯವರೆಗೆ ಊರಿಗೆ ಹೋಗಲಿಲ್ಲ.

ರೋಡಿಗೆ ತರಬೇಡಿ ಎಂದಿದ್ದರಲ್ಲ ಆ ಸಾರಿಗೆ ಅಧಿಕಾರಿ, ಕಾಕಾ ತರಲಿಲ್ಲ! ಹಲಬರ್ಗಾದಿಂದ ಟ್ರ್ಯಾಕ್ಟರ್ ತರಿಸಿ, ಹಲಗೆ ಹಾಕಿ, ಕಾರನ್ನು ಟ್ರಾಲಿಗೆ ಹತ್ತಿಸಿದರು. ಟ್ರಾಲಿಯ ಮೇಲೆ ಕಾರು, ಕಾರಿನೊಳಗೆ ಕಾಕಾ. ಹಿಂದಿನ ಬೆಂಚಿನ ಮೇಲೆ, ಪೈಲವಾನರ ಮೂರು ಗೇಣಿನಲ್ಲಿ, ನಾನು ಮತ್ತು ಮಾವಶಿ. ಮುಂದೆ ಕೂಡ್ರಿ ಎಂದರೆ ಮಾವಶಿ ಒಪ್ಪಲಿಲ್ಲ. "ಅದು ಆಕಿ ಜಾಗ" ಎಂದರು. ದಾರಿಯುದ್ದಕ್ಕೂ ಜನ ನಿಂತು ನೋಡಿದರು. ಕಾಕಾ ತಿರುವು ಬಂದಲ್ಲೆಲ್ಲ ಸ್ಟೀರಿಂಗ್ ತಿರುಗಿಸುತ್ತಿದ್ದರು, ಎದುರು ಗಾಡಿ ಬಂದರೆ ಹಾರ್ನ್ ಹೊಡೆಯುತ್ತಿದ್ದರು. ನಗಬೇಕೋ ಅಳಬೇಕೋ ತಿಳಿಯದೆ ನಾನು ಎರಡನ್ನೂ ಮಾಡಿದೆ.

ಡಾಬಕಾದ ಗಡಿಕಲ್ಲಿನ ಹತ್ತಿರ ಟ್ರಾಲಿಯನ್ನು ಹೊಲದ ಒಡ್ಡಿಗೆ ಹಚ್ಚಿ ಕಾರು ಇಳಿಸಿದೆವು. ಆ ಕಲ್ಲು ನೆಟ್ಟವರೂ ಕಾಕಾನೇ. ಅಲ್ಲಿಂದ ಮಾವಶಿಯ ಮನೆಯವರೆಗೆ ನಿಜವಾದ ಬಂಡಿದಾರಿ ಇತ್ತು. ಎಂಜಿನ್ ಕೆಮ್ಮಿತು, ಹೊಗೆ ಬಿಟ್ಟಿತು, ಹೊರಟಿತು. ಆ ತುಂಡು ದಾರಿಯಲ್ಲಿ ಕಾಕಾ ಕಾರನ್ನು ಎಷ್ಟು ನಿಧಾನವಾಗಿ ನಡೆಸಿದರೆಂದರೆ ಒಂದು ಎಮ್ಮೆ ನಮ್ಮನ್ನು ದಾಟಿ ಹೋಯಿತು.

ಮನೆಯ ಮುಂದೆ ಬಂಧುಗಳೆಲ್ಲ ನೆರೆದಿದ್ದರು. ನಾನು ಮಾವಶಿಯ ಕೈ ಹಿಡಿದು ಇಳಿಸಿದೆ. ಕಾಕಾ ತಾವೂ ಇಳಿದು, ಸುತ್ತು ಹಾಕಿ ಬಂದು, ಎಡಗಡೆಯ ಬಾಗಿಲಿನ ಹಿಡಿಕೆಯನ್ನು ಎರಡೇ ಬೆರಳಿನಿಂದ ತೆಗೆದರು. ಬಾಗಿಲು ಸದ್ದಿಲ್ಲದೆ ತೆರೆಯಿತು. ಅದನ್ನು ಹಿಡಿದು ನಿಂತರು. ಸೀಟು ಖಾಲಿ ಇತ್ತು.

"ಬರ್ರಿ ಬರ್ರಿ, ಊಟಾ ಆರಲತ್ತದ, ಜಲ್ದಿ ಬರ್ರಿ!" ಎಂದು ಒಳಗಿನಿಂದ ಯಾರೋ ಕರೆದರು.

ಕಾಕಾ ಬಾಗಿಲು ಬಿಡಲಿಲ್ಲ.

"ತಡೀರಿ" ಎಂದರು. "ಇನ್ನೊಂದು ಕಾಲು ಬಾಕಿ ಅದ."