ಕಸದ ಚೀಲದ ಗುಟ್ಟು ಬಿಟ್ಟುಕೊಟ್ಟವರು

ನಾನು ಹಠ ಹಿಡಿದು ಕೈಹಾಕಿದ ಕೆಲಸ ಫಜೀತಿಯಾಗದೆ ಮುಗಿದದ್ದೇ ಇಲ್ಲ. ಟೋಕಿಯೋದಲ್ಲಂತೂ ವಾರಕ್ಕೊಂದು ಇಂಥದ್ದು ನಡೆಯುತ್ತಿತ್ತು. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೈಕೊಡುತ್ತವೆಂದು ಎಲ್ಲರೂ ಹೆದರಿ ಕೂತಿದ್ದ ಕಾಲ. ಅವನ್ನು ಸರಿಮಾಡಲು ಬೆಂಗಳೂರಿನಿಂದ ಹೋದವರಲ್ಲಿ ನಾನೂ ಒಬ್ಬಳು. ಓಜಿಮಾದಲ್ಲಿ ಕಂಪನಿ ಕೊಟ್ಟ ಫ್ಲ್ಯಾಟಿನಲ್ಲಿ ನಾನು, ನಮ್ಮ ಯಜಮಾನರು, ಮೂರು ತಿಂಗಳಿಗೆಂದು ಬಂದಿದ್ದ ನಮ್ಮತ್ತೆ.

ಅಲ್ಲಿ ಉರಿಯುವ ಕಸಕ್ಕೊಂದು ದಿನ, ಉರಿಯದ ಕಸಕ್ಕೊಂದು ದಿನ. ನಾನೋ ಆಫೀಸಿನ ಅವಸರದಲ್ಲಿ ತರಕಾರಿ ಸಿಪ್ಪೆಯ ಜೊತೆಗೇ ಸಾರಿನಪುಡಿಯ ಪ್ಲಾಸ್ಟಿಕ್ ಕವರನ್ನೂ ತುರುಕುತ್ತಿದ್ದೆ. ಕಟ್ಟಡದ ಮೇಲ್ವಿಚಾರಕರು ಎರಡು ಸಲ ಆಫೀಸಿಗೆ ದೂರು ಬರೆದರು. ಮೂರನೆಯದು ಬಂದರೆ ಫ್ಲ್ಯಾಟು ವಾಪಸ್, ನಾನು ಹಾಸ್ಟೆಲಿಗೆ, ಉಳಿದಿಬ್ಬರು ಬೆಂಗಳೂರಿಗೆ ಎಂದು ಆಫೀಸಿನವರು ನಯವಾಗಿ ತಿಳಿಸಿದರು.

ಕಸ ಬೇರೆ ಮಾಡಿದ್ದರೆ ಮುಗಿಯುತ್ತಿತ್ತು. ನನಗೆ ಹೊಳೆದದ್ದೇ ಬೇರೆ. ಆ ಕಟ್ಟಡದಲ್ಲಿ ಸಾರು ಮಾಡುವ ಮನೆಗಳು ನಾಲ್ಕಿವೆ, ಚೀಲದ ಮೇಲೆ ಹೆಸರಿಲ್ಲ. ಹಾಗಾದರೆ ಅದು ನಮ್ಮದೆಂದು ಸುಳಿವು ಕೊಟ್ಟವರು ಯಾರು? ಅವರನ್ನು ಹಿಡಿದೇ ತೀರುತ್ತೇನೆಂದು ಪಣ ತೊಟ್ಟೆ.

೧. ಮೆಲ್ಬರ್ನಿನ ಕ್ಯಾಸೆಟ್ಟು

ಮೆಲ್ಬರ್ನಿನಲ್ಲಿದ್ದ ನಾದಿನಿ ಅಲ್ಲಿನ ಟೀವಿ ಧಾರಾವಾಹಿಯೊಂದನ್ನು ರೆಕಾರ್ಡ್ ಮಾಡಿ ಕಳಿಸಿದ್ದಳು. ಕಳ್ಳರ ಗುಂಪಿನಲ್ಲೇ ಇದ್ದುಕೊಂಡು ಪೊಲೀಸರಿಗೆ ಸುಳಿವು ಕೊಡುವವನೊಬ್ಬನ ಕಥೆ. ನನಗೆ ಬೇಕಾಗಿದ್ದೂ ಇಂಥದ್ದೇ ಪಾಠ. ಜಪಾನಿನ ವಿಸಿಆರ್‌ಗೆ ಹಾಕಿದರೆ ಪರದೆ ತುಂಬ ಅಡ್ಡಗೆರೆ. ಇನ್ಸ್‌ಪೆಕ್ಟರ್ ಬಾಯಿ ತೆರೆದರೆ ಇಲಿಮರಿಯ ಕೀಚು.

"ಆ ದೇಶದ ಕ್ಯಾಸೆಟ್ಟು ಈ ಮೆಷಿನ್‌ನಲ್ಲಿ ಓಡಲ್ಲ ಕಣೇ, ಸಿಸ್ಟಮ್ಮೇ ಬೇರೆ," ಎಂದರು ಯಜಮಾನರು.

ನಾನು ಬಿಡುವವಳೇ? ಪಕ್ಕದ ಬ್ಲಾಕಿನ ಮೈಸೂರಿನವರ ಮನೆಯಲ್ಲಿ ಎಲ್ಲ ದೇಶದ ಕ್ಯಾಸೆಟ್ಟೂ ಓಡುವ ವಿಸಿಆರ್ ಇತ್ತು. ಅದನ್ನು ಟೀವಿ ಸಮೇತ ಎರವಲು ತಂದೆ. ಈಗ ಚಿತ್ರ ಸ್ಪಷ್ಟ, ಮಾತು ಸ್ಪಷ್ಟ. ನೋಟ್‌ಬುಕ್ ಹಿಡಿದು ಕೂತೆ. ಅತ್ತೆಗೆ ಮಾತ್ರ ಹಿಡಿಸಲಿಲ್ಲ.

"ಮೊದಲು ಹಾಕಿದ್ದೇ ಚೆನ್ನಾಗಿತ್ತಮ್ಮ. ಆವಾಗ ಪೊಲೀಸರು ಚುರುಕಾಗಿದ್ರು."

೨. ಗಾಳ

ಯಾರ ಮೇಲೆ ಸಂಶಯವೋ ಅವನೊಬ್ಬನಿಗೆ ಮಾತ್ರ ಒಂದು ಗುಟ್ಟು ಹೇಳು, ಅದು ಎಲ್ಲಿ ಬಯಲಾಗುತ್ತದೋ ಕಾದು ನೋಡು. ಧಾರಾವಾಹಿಯಿಂದ ನಾನು ಕಲಿತ ಮೊದಲ ಪಾಠ ಇದು. ಮಿನಾಟೋದ ನಮ್ಮ ಆಫೀಸಿನಲ್ಲಿ ಪಕ್ಕದ ಸೀಟಿನ ಜಪಾನಿ ಸಹೋದ್ಯೋಗಿ ನಮ್ಮ ಫ್ಲ್ಯಾಟಿನ ಕೆಳಗಿನ ಮಹಡಿಯಲ್ಲೇ ವಾಸವಿದ್ದರು. ನನ್ನ ಕಣ್ಣು ಅವರ ಮೇಲೆ.

"ಒಂದು ಪ್ರೋಗ್ರಾಮಿನಲ್ಲಿ ತಪ್ಪು ಮಾಡಿದ್ದೇನೆ, ಯಾರಿಗೂ ಹೇಳಬೇಡಿ," ಎಂದು ಅವರ ಕಿವಿಯಲ್ಲಿ ಉಸುರಿದೆ. ತಪ್ಪು ನಿಜವಾಗಿಯೂ ಮಾಡಿದ್ದೆ. ಒಂದು ಗಂಟೆಯೊಳಗೆ ಮ್ಯಾನೇಜರು ನನ್ನ ಮೇಜಿನ ಮುಂದೆ ನಿಂತಿದ್ದರು.

ಸಿಕ್ಕಿಬಿದ್ದ ಎಂದುಕೊಂಡೆ. ಆದರೆ ಆ ಪುಣ್ಯಾತ್ಮ ನನ್ನ ತಪ್ಪಿನ ಜೊತೆಗೆ ತಮ್ಮ ಒಂಬತ್ತು ತಪ್ಪುಗಳನ್ನೂ ಬರೆದು ಒಪ್ಪಿಸಿದ್ದರು. ಅಲ್ಲಿನ ಕೆಲಸದ ಪದ್ಧತಿಯೇ ಹಾಗೆ, ಎಡವಿದರೂ ವರದಿ ಮಾಡಬೇಕು. ಮ್ಯಾನೇಜರು ಎರಡೂ ಪಟ್ಟಿ ನೋಡಿ ನನ್ನ ಮೇಲೆ ಬೇಸರಪಟ್ಟರು.

"ಅವರು ಒಂಬತ್ತು ಹುಡುಕಿದ್ದಾರೆ. ನಿಮ್ಮದು ಒಂದೇನಾ? ಸ್ವಲ್ಪ ಶ್ರಮಪಡಿ."

೩. ಸೈಕಲ್ ಸ್ಟ್ಯಾಂಡಿನ ಹಿಂದೆ

ಕೊನೆಗೆ ನಾನೇ ಕಾವಲು ಕೂರಲು ನಿರ್ಧರಿಸಿದೆ. ಬೆಳಿಗ್ಗೆ ಏಳಕ್ಕೆ ಎಂದಿನ ಬೆರಕೆ ಕಸದ ಚೀಲವನ್ನೇ ಗಾಳವಾಗಿ ಇಟ್ಟು, ಟೊಪ್ಪಿ, ಮಾಸ್ಕು ಹಾಕಿಕೊಂಡು, ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯಲ್ಲಿ ಕೊಂಡ ಬನ್ನು ತಿನ್ನುತ್ತ ಸೈಕಲ್ ಸ್ಟ್ಯಾಂಡಿನ ಹಿಂದೆ ಕುಕ್ಕರಗಾಲಲ್ಲಿ ಕೂತೆ.

ಮೇಲ್ವಿಚಾರಕರು ಬಂದರು. ಒಂದೊಂದೇ ಚೀಲ ಎತ್ತಿ ಬೆಳಕಿಗೆ ಹಿಡಿದರು. ಮೂರು ಚೀಲಗಳಲ್ಲಿ ಪ್ಲಾಸ್ಟಿಕ್ ಕಂಡಿತು. ತಲೆ ಕೆರೆದುಕೊಂಡು ಸುತ್ತ ನೋಡಿದರು. ಅಷ್ಟರಲ್ಲಿ ವಾಕಿಂಗ್ ಮುಗಿಸಿ ಬಂದರು ನಮ್ಮತ್ತೆ, ಸೀರೆಯ ಮೇಲೆ ಸ್ವೆಟರ್, ಕಾಲಿಗೆ ಮಗನ ಶೂ.

ಮೇಲ್ವಿಚಾರಕರು ಬಗ್ಗಿ ನಮಸ್ಕರಿಸಿ ಮೊದಲ ಚೀಲ ತೋರಿಸಿದರು. ಅತ್ತೆ ತಲೆಯಾಡಿಸಿದರು, ಅಲ್ಲ. ಎರಡನೆಯದಕ್ಕೂ ಅಲ್ಲ. ಮೂರನೆಯದರ ಗಂಟು ಮುಟ್ಟಿ ನೋಡಿ, "ಇದು ನಮ್ದೇ ಕಣಪ್ಪ," ಎಂದು ನಾಲ್ಕನೇ ಮಹಡಿಯ ನಮ್ಮ ಕಿಟಕಿಗೆ ಬೆರಳು ತೋರಿಸಿದರು. ಅವರು ಬಗ್ಗಿದರು, ಇವರೂ ಬಗ್ಗಿದರು.

ನಾನು ಎದ್ದು ಓಡಿದೆ. "ಅತ್ತೆ, ಇಷ್ಟು ದಿನ ಹೇಳಿದ್ದು ನೀವೇನಾ?"

"ಇನ್ಯಾರು? ಪಾಪ, ದಿನಾ ಯಾರ ಚೀಲ ಅಂತ ಒದ್ದಾಡ್ತಾರೆ. ನಾನೇ ಕಟ್ಟಿದ ಗಂಟು ನನಗೆ ಗೊತ್ತಾಗಲ್ವಾ?"

ಮಧ್ಯಾಹ್ನ ಆಫೀಸಿನಲ್ಲಿ ನನ್ನನ್ನು ಕರೆದರು. ಮೂರನೇ ಪತ್ರ ಬಂದಿತ್ತು. ಮನೆಯವರನ್ನು ಕಳಿಸಿ ಒಬ್ಬಳೇ ಇರಬೇಕಲ್ಲ ಎಂದು ನನಗೆ ನಿಜಕ್ಕೂ ಅಳು ಬಂತು. ಮ್ಯಾನೇಜರು ಓದಿದರು: "ಈ ಕಟ್ಟಡದಲ್ಲಿ ತಪ್ಪನ್ನು ತಾವಾಗಿ ಒಪ್ಪಿಕೊಳ್ಳುವ ಮನೆ ಇದೊಂದೇ. ಇವರನ್ನು ಕಳಿಸಿದರೆ ಉಳಿದವರು ಕಲಿಯುವುದು ಯಾರಿಂದ? ದಯವಿಟ್ಟು ಇರಲಿ. ಸೊಸೆಗೆ ಮಾತ್ರ ಯಾರಾದರೂ ಕಸದ ನಿಯಮ ಹೇಳಿಕೊಡಿ."

ಸಂಜೆ ಮನೆಗೆ ಬಂದು ಅತ್ತೆಯ ಕಾಲಿಗೆ ಬಿದ್ದೆ. ಆಮೇಲೆ ತಡೆಯಲಾರದೆ ಕೇಳಿದೆ: "ಆ ಎರಡು ಚೀಲ ಯಾರದು ಅಂತ ನಿಮಗೆ ಗೊತ್ತಿರ್ಲಿಲ್ವಾ?"

"ಗೊತ್ತಿಲ್ದೆ ಏನು? ಈ ಕಟ್ಟಡದಲ್ಲಿ ಯಾರ್ಯಾರು ಹೆಂಗೆ ಗಂಟು ಹಾಕ್ತಾರೆ ಅಂತ ಎಲ್ಲಾ ಗೊತ್ತು," ಎಂದರು ಅತ್ತೆ. "ಆದ್ರೆ ಬಾಯಿ ಬಿಡ್ತೀನಾ? ಚಾಡಿ ಹೇಳೋ ಬುದ್ಧಿ ನನಗಿಲ್ಲಮ್ಮ."