ಸಿಪ್ಪೆ ನೋಡಿ ಮನೆ ಹೇಳುವ ಮಾವ

ನಿನ್ನೆ ಮಧ್ಯಾಹ್ನ ನಿಮ್ಮ ಮನೆಯಲ್ಲಿ ಏನು ಅಡುಗೆ ಎಂದು ಕೇಳಿದರೆ ನಿಮ್ಮ ಯಜಮಾನರು ತಲೆ ಕೆರೆದುಕೊಳ್ಳಬಹುದು. ನಮ್ಮ ಸೋದರಮಾವ ಕೆರೆದುಕೊಳ್ಳುವುದಿಲ್ಲ. ನೀವು ಬಸವೇಶ್ವರನಗರದಲ್ಲಿ ನಮ್ಮ ಅಡ್ಡರಸ್ತೆಯವರಾಗಿದ್ದರೆ ನೀವು ಮಾಡಿದ ಹುಳಿ, ಹುರಿದ ಪಲ್ಯ, ಮಾಡಬೇಕೆಂದು ತಂದು ಫ್ರಿಜ್ಜಿನಲ್ಲೇ ಕೊಳೆಸಿದ ಪಾಲಕ್ ಸೊಪ್ಪು, ಎಲ್ಲವೂ ಅವರಿಗೆ ಗೊತ್ತು. ನಿಮ್ಮ ಮನೆಯೊಳಗೆ ಅವರು ಕಾಲೇ ಇಟ್ಟಿರುವುದಿಲ್ಲ. ಮತ್ತೆ ಹೇಗೆ ಗೊತ್ತು ಅಂತೀರಾ? ನಿಮ್ಮ ಗೇಟಿನ ಪಕ್ಕದ ಬಕೆಟ್ ಹೇಳಿರುತ್ತದೆ.

ಮಾವ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿದ್ದವರು. ಬೇರೆಯವರು ಮಾಡಿದ ನಟ್ಟು ಬೋಲ್ಟುಗಳನ್ನು ಬೆಳಕಿಗೆ ಹಿಡಿದು ನೋಡಿ "ಇದು ನಡೆಯಲ್ಲ" ಎನ್ನುವುದೇ ಅವರ ಜೀವಮಾನದ ಕೆಲಸ. ನಿವೃತ್ತರಾದ ಮೇಲೆ ನೋಡಲು ಬೋಲ್ಟು ಸಿಗಲಿಲ್ಲ, ತರಕಾರಿ ಸಿಪ್ಪೆ ಸಿಕ್ಕಿತು. ತಾರಸಿಯ ಮೇಲೆ ಸಾಲಾಗಿ ಮಡಕೆಗಳನ್ನಿಟ್ಟು ಗೊಬ್ಬರ ಮಾಡಲು ಕೂತರು. ಸ್ವಂತ ಮನೆಯ ಸಿಪ್ಪೆ ಮಡಕೆಯ ತಳ ಮುಚ್ಚಲೂ ಸಾಲಲಿಲ್ಲ. ಸರಿ, ಬೀದಿಗಿಳಿದರು. ಮನೆಮನೆಗೂ ಒಂದು ಹಳೆಯ ಪೇಂಟ್ ಬಕೆಟ್ ಹಂಚಿ, ದಿನಾ ಬೆಳಿಗ್ಗೆ ಹಾಲಿನವನ ಹಿಂದೆಯೇ ಬಂದು ಸಿಪ್ಪೆ ಸಂಗ್ರಹಿಸತೊಡಗಿದರು. ಇದಕ್ಕೊಂದು ಸ್ಕೂಟರ್ ಬೇರೆ. ಅದನ್ನು ಓಡಿಸುವುದಿಲ್ಲ, ತಳ್ಳುತ್ತಾರೆ. ಸುಮ್ಮನೆ ಹೊಗೆ ಯಾಕೆ ಅಂತ. ಹಾಗಾದರೆ ಸ್ಕೂಟರ್ ಯಾಕೆ? ಬಕೆಟ್ ನೇತುಹಾಕಲು ಮುಂದೆ ಕೊಕ್ಕೆ ಇದೆಯಲ್ಲ!

ಅವರ ದಾರಿಯ ಕೊನೆಯ ಮನೆ ನಮ್ಮದು. ಇಲ್ಲಿ ನಾನು, ಅಮ್ಮ ಇಬ್ಬರೇ. ಅಪ್ಪ ಹೋದ ವರ್ಷ ತೀರಿಕೊಂಡರು. ಅಂದಿನಿಂದ ಅಮ್ಮ ಒಲೆಯ ಕಡೆ ತಿರುಗಿ ನೋಡಿರಲಿಲ್ಲ. ನಾನೇ ಬೆಳಿಗ್ಗೆ ಏನೋ ಒಂದು ಬೇಯಿಸಿ, ಅಮ್ಮನ ಪಾಲನ್ನು ಮುಚ್ಚಿಟ್ಟು, ರಾಜಾಜಿನಗರದ ಆಫೀಸಿಗೆ ಓಡುತ್ತಿದ್ದೆ. ಮಧ್ಯಾಹ್ನ ಫೋನ್ ಮಾಡಿದರೆ "ಆಯ್ತು ಕಣೇ ಊಟ" ಎನ್ನುತ್ತಿದ್ದಳು. ಸಂಜೆ ಬಂದರೆ ತಟ್ಟೆ ತೊಳೆದು ಕವುಚಿರುತ್ತಿತ್ತು. ಆದರೆ ರವಿಕೆಗಳೆಲ್ಲ ಒಂದೊಂದಾಗಿ ಸಡಿಲವಾಗುತ್ತಿದ್ದವು. ಬಳೆ ಕೈ ಎತ್ತಿದರೆ ಮೊಣಕೈಗೆ ಜಾರುತ್ತಿತ್ತು. ಊಟ ಆಗಿದ್ದರೆ ಅದು ಹೋಗುತ್ತಿರುವುದೆಲ್ಲಿಗೆ? ನನಗೆ ಒಳಗೊಳಗೇ ಭಯ. ಡಾಕ್ಟರ ಹತ್ತಿರ ಹೋಗೋಣ ಎಂದರೆ "ನಂಗೇನಾಗಿದೆ" ಎಂದು ಟೀವಿಯ ಸದ್ದು ಜಾಸ್ತಿ ಮಾಡುತ್ತಿದ್ದಳು. ಇಂಥ ಹೊತ್ತಿನಲ್ಲಿ ಅಮ್ಮನ ಸ್ವಂತ ತಮ್ಮ, ಈ ಮಾವ, ದಿನಾ ಬಂದು ಬಕೆಟ್ಟಿನ ಯೋಗಕ್ಷೇಮ ಮಾತ್ರ ವಿಚಾರಿಸಿಕೊಂಡು ಹೋಗುತ್ತಿದ್ದರು. ಸಿಟ್ಟು ಬರುವುದೋ ಇಲ್ಲವೋ ನೀವೇ ಹೇಳಿ.

ಸಿಟ್ಟು ಬಂದರೂ ಮಾವನ ಮೇಲೆ ಅದು ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಅದೇ ಕಷ್ಟ. ಅವರ ಮನೆಗೆ ಹೋದವರಿಗೆ ಮೊದಲ ಪ್ರಶ್ನೆ "ಅರ್ಧ ಲೋಟನಾ, ಪೂರ್ತಿನಾ?" ಕಾಫಿಯಲ್ಲ, ನೀರು. ಪೂರ್ತಿ ಕೇಳಿ ಅರ್ಧ ಬಿಟ್ಟಿರೋ, ಆ ಅರ್ಧವನ್ನು ಕರಿಬೇವಿನ ಗಿಡಕ್ಕೆ ನಿಮ್ಮ ಕೈಯಲ್ಲೇ ಹಾಕಿಸುತ್ತಾರೆ. ಅಕ್ಕಿ ತೊಳೆದ ನೀರು ದಾಸವಾಳಕ್ಕೆ, ವಾಷಿಂಗ್ ಮೆಷಿನ್ ನೀರು ಅಂಗಳ ತೊಳೆಯಲಿಕ್ಕೆ. ಅವರ ಹಳೆಯ ಪಂಚೆ ಮೊದಲು ಟವೆಲ್ಲಾಗಿ, ಆಮೇಲೆ ಕೈಬಟ್ಟೆಯಾಗಿ, ಕಡೆಗೆ ಸ್ಕೂಟರ್ ಒರೆಸುವ ಚಿಂದಿಯಾಗಿ ಮುಕ್ತಿ ಪಡೆಯುತ್ತದೆ. ತಳ್ಳುವ ಸ್ಕೂಟರ್ ಆದರೇನು, ಹೊಳೆಯಬೇಡವೇ?

ಗೊಬ್ಬರಕ್ಕೆ ಬರೀ ಸಿಪ್ಪೆ ಸಾಲದು, ಒಣ ಎಲೆಯೂ ಬೇಕು. ಮಾವನ ಮಗಳ ಮನೆ ಉಲ್ಲಾಳದಲ್ಲಿದೆ. ಅಲ್ಲಿಗೆ ಹೋದಾಗಲೆಲ್ಲ ಬರುವಾಗ ಆ ಬಡಾವಣೆಯ ಉದುರೆಲೆಗಳನ್ನು ಗುಡಿಸಿ, ಅತ್ತೆಯ ಹಳೇ ಸೀರೆಯಲ್ಲಿ ಗಂಟು ಕಟ್ಟಿ, ವಿಜಯನಗರದ ಕಡೆಗೆ ಬರುವ ಮೆಟ್ರೋ ಹತ್ತುತ್ತಾರೆ. ಒಂದು ದಿನ ಸ್ಟೇಷನ್ನಿನಲ್ಲಿ ಗಾರ್ಡ್ ತಡೆದ.

"ಏನ್ ಸಾರ್ ಇದು?"

"ಎಲೆ."

"ಯಾವ ಎಲೆ?"

ನೀವೋ ನಾನೋ ಆಗಿದ್ದರೆ "ಕಸ ಕಣಪ್ಪ" ಎಂದು ಮುಗಿಸುತ್ತಿದ್ದೆವು. ಮಾವ "ಹೊಂಗೆ ಜಾಸ್ತಿ, ಸ್ವಲ್ಪ ಮಾವು, ಒಂದ್ ಹಿಡಿ ಬಾದಾಮಿ. ಚೆನ್ನಾಗಿ ಒಣಗಿದೆ, ಬೇಕಾದ್ರೆ ವಾಸನೆ ನೋಡಿ" ಎಂದರಂತೆ. ಗಾರ್ಡ್ ವಾಸನೆ ನೋಡಿದ. ಅನುಮಾನ ಬಂದು ಮೇಲಿನವರನ್ನು ಕರೆದ. ಅವರೂ ಮೂಗು ಹಾಕಿದರು. ಅಲ್ಲೇ ಗಂಟು ಬಿಚ್ಚಿ ಮಾವ ಇಬ್ಬರಿಗೂ ಗೊಬ್ಬರದ ಪಾಠ ಮಾಡಿದರು. ಈಗ ಆ ಮೇಲಿನವರ ಮನೆಯಲ್ಲೂ ಒಂದು ಮಡಕೆ ಇದೆ.

ಮಹಾಲಕ್ಷ್ಮಿ ಲೇಔಟಿನ ಒಂದು ಮದುವೆಯಲ್ಲಿ ಇನ್ನೂ ಚೆನ್ನಾಗಿತ್ತು. ಮಾವ ಮದುವೆಗಳಿಗೆ ಸ್ವಂತ ಸ್ಟೀಲ್ ಲೋಟ ಜೇಬಿನಲ್ಲಿಟ್ಟುಕೊಂಡು ಹೋಗುತ್ತಾರೆ, ಅದು ಇರಲಿ. ಅವತ್ತು ಊಟದ ಟೇಬಲ್ಲಿನ ಮೇಲೆ ಜನ ಒಂದೊಂದು ಗುಟುಕು ಕುಡಿದು ಬಿಟ್ಟ ನೀರಿನ ಬಾಟಲಿಗಳನ್ನು ನೋಡಿ ಅವರಿಗೆ ತಡೆಯಲಾಗಲಿಲ್ಲ. ಒಂದು ಬಕೆಟ್ ಹುಡುಕಿ ತಂದು, ಹೊರಗಿನ ಗಿಡಕ್ಕೆ ಹಾಕಲೆಂದು ನೀರನ್ನೆಲ್ಲ ಸುರಿದುಕೊಳ್ಳುತ್ತ ಹೊರಟರು. ಸಾಲಿನಲ್ಲಿ ಕೂತ ಒಬ್ಬರು "ಅಣ್ಣಾ, ಈ ಕಡೆ ಪಾಯಸ ಬರ್ಲೇ ಇಲ್ಲ" ಎಂದರು. ಮಾವ ಬಕೆಟ್ ಕೆಳಗಿಟ್ಟು, ಒಳಗೆ ಹೋಗಿ, ಪಾಯಸ ತಂದು ಇಡೀ ಸಾಲಿಗೆ ಬಡಿಸಿದರು. ಅತ್ತೆಗೆ ಅವಮಾನ.

"ನಾನು ಹುಡುಗನ ಕಡೆಯೋನು ಅಂತ ಹೇಳೋದಲ್ವಾ?"

"ಅವರಿಗೆ ಬೇಕಾಗಿದ್ದು ಪಾಯಸ ಕಣೇ, ನನ್ನ ಪರಿಚಯ ಅಲ್ಲ."

ಆದರೆ ಮಾವನ ನಿಜವಾದ ವಿದ್ಯೆ ಸಿಪ್ಪೆ ಓದುವುದು. ಅದು ಶುರುವಾದದ್ದು ತಮಾಷೆಗೆ. "ಮೂಲೆ ಮನೆಯವರಿಗೆ ಶುಗರ್ ಬಂದಿದೆ, ವಾರವಿಡೀ ಹಾಗಲಕಾಯಿ ಬೀಜ." ಹೌದು, ಬಂದಿತ್ತು. "ಮಹಡಿ ಮನೇಲಿ ಅಡುಗೆಮನೆ ಸೊಸೆ ಕೈಗೆ ಬಂತು. ಸೋರೆಕಾಯಿ ನಿಂತು ಬ್ರೊಕೊಲಿ ದಂಟು ಶುರುವಾಗಿದೆ." ಅದೂ ನಿಜವಾಯಿತು. ಪರಸ್ಪರ ಮಾತು ಬಿಟ್ಟ ಗಂಡ ಹೆಂಡತಿ ಒಂದೇ ಮನೆಯಲ್ಲಿ ಬೇರೆ ಬೇರೆ ಅಡುಗೆ ಮಾಡಿಕೊಳ್ಳುತ್ತಿರುವುದನ್ನು ಕೂಡ ಈರುಳ್ಳಿ ಸಿಪ್ಪೆಯಿಂದಲೇ ಹೇಳಿದರು. ಒಬ್ಬರು ಸುಲಿಯುವ ರೀತಿ ಒಂದು, ಇನ್ನೊಬ್ಬರದು ಇನ್ನೊಂದಂತೆ. ನನಗೆ ಇದು ಎಂಥ ಕುತೂಹಲ ಹಿಡಿಸಿತೆಂದರೆ ಬೆಳಿಗ್ಗೆ ಪೇಪರ್ ಓದುವುದು ಬಿಟ್ಟು ಮಾವನ ವರದಿಗೆ ಕಾಯುತ್ತಿದ್ದೆ.

ವಿದ್ಯೆ ಕೈಕೊಟ್ಟದ್ದು ಮಾವಿನಕಾಯಿ ಕಾಲದಲ್ಲಿ. ಎದುರುಮನೆಯ ಬಕೆಟ್ಟಿನಲ್ಲಿ ದಿನಾ ಮಾವಿನಕಾಯಿಯ ಓಟೆ, ಸಿಪ್ಪೆ. ಆ ಮನೆಗೆ ಆಗಷ್ಟೇ ಸೊಸೆ ಬಂದಿದ್ದಳು. ಮಾವ ಎರಡನ್ನೂ ಜೋಡಿಸಿ, ಗೇಟಿನ ಬಳಿ ಕೂತಿದ್ದ ಆ ಮನೆಯ ಹಿರಿಯರ ಕೈಕುಲುಕಿ "ತಾತ ಆಗ್ತಿದೀರಿ ಸಾರ್, ಬಹಳ ಸಂತೋಷ" ಎಂದುಬಿಟ್ಟರು. ಹಿರಿಯರು ಕುಣಿಯುತ್ತ ಒಳಗೆ ಹೋದರು, ಊರಿಗೆಲ್ಲ ಫೋನ್ ಮಾಡಿದರು, ಮೈಸೂರು ಪಾಕ್ ತರಿಸಿದರು. ಸೊಸೆ ಕಕ್ಕಾಬಿಕ್ಕಿ. ಕೊನೆಗೆ ನೋಡಿದರೆ ಹಿರಿಯರ ಹೆಂಡತಿ ಉಪ್ಪಿನಕಾಯಿ ಹಾಕುತ್ತಿದ್ದರಂತೆ, ಅಷ್ಟೇ! ಆ ಮನೆಯ ಬಕೆಟ್ ಬಹಳ ದಿನ ಗೇಟಿನಾಚೆ ಬರಲಿಲ್ಲ.

ಅವತ್ತು ಅತ್ತೆ ಕಟ್ಟಪ್ಪಣೆ ಮಾಡಿದರು. "ಇನ್ಮೇಲೆ ಸಿಪ್ಪೆ ನೋಡಿ, ಬಾಯ್ಮುಚ್ಕೊಂಡು ಬನ್ನಿ. ಯಾರ ಮನೆ ವಿಷ್ಯನೂ ಯಾರಿಗೂ ಹೇಳಕೂಡದು." ಮಾವ ಒಪ್ಪಿಕೊಂಡರು. ನಮ್ಮ ಬೆಳಗಿನ ವರದಿ ನಿಂತುಹೋಯಿತು. ನಾನು ಬಿಡುತ್ತೇನೆಯೇ? ಬೇರೆಯವರದು ಬೇಡ, ನಮ್ಮ ಮನೆಯದಾದರೂ ಹೇಳಿ ಎಂದು ಪೀಡಿಸುತ್ತಿದ್ದೆ. ಮಾವ ಬಕೆಟ್ಟಿನೊಳಗೆ ಮರದ ಸೌಟು ಆಡಿಸುತ್ತ "ನಿಮ್ಮದು ಒಳ್ಳೇ ಸಿಪ್ಪೆ ಕಣಮ್ಮ" ಎನ್ನುತ್ತಿದ್ದರು. ಆದರೆ ನಮ್ಮ ಬಕೆಟ್ಟಿನ ಮುಂದೆ ಮಾತ್ರ ಹೆಚ್ಚು ಹೊತ್ತು ನಿಲ್ಲುತ್ತಿದ್ದರು. ಏನು ಕಾಣುತ್ತಿದೆ ಅದರಲ್ಲಿ ಎಂದು ನನಗೆ ತಲೆ ಕೆಡುತ್ತಿತ್ತು.

ಒಂದು ಶನಿವಾರ ನನಗೆ ರಜೆ. ಮಾವ ಬಂದಾಗ ನಾನೂ ಗೇಟಿನ ಹತ್ತಿರ ಹೋಗಿ ಬಗ್ಗಿ ನೋಡಿದೆ. ಬಾಳೆಹಣ್ಣಿನ ಸಿಪ್ಪೆಯನ್ನು ಮಾವನ ಸೌಟು ಪಕ್ಕಕ್ಕೆ ಸರಿಸಿತು. ಅದರಡಿ ಅನ್ನ. ಹಿಂದಿನ ದಿನ ನಾನು ಅಮ್ಮನಿಗೆಂದು ಮುಚ್ಚಿಟ್ಟಿದ್ದ ಅನ್ನ, ಹುರುಳಿಕಾಯಿ ಪಲ್ಯ, ಹಾಗೆ ಹಾಗೇ. ಬೇಯಿಸಿದ್ದನ್ನು ಬಕೆಟ್ಟಿಗೆ ಹಾಕಿದರೆ ಮಾವ ಯಾರನ್ನೂ ಬಿಡುವುದಿಲ್ಲ, ಉಪ್ಪು, ಎಣ್ಣೆ, ಇಲಿ ಎಂದು ದೊಡ್ಡ ಭಾಷಣ ಶುರುವಾಗುತ್ತದೆ. ನಾನು ಭಾಷಣಕ್ಕೆ ಕಾದೆ. ಮಾವ ಅದರ ಮೇಲೆ ಒಂದು ಹಿಡಿ ಒಣ ಎಲೆ ಮುಚ್ಚಿದರು.

"ಅಕ್ಕ ಊಟ ಮಾಡ್ತಿಲ್ಲ ಕಣಮ್ಮ" ಎಂದರು.

"ಯಾವಾಗಿಂದ ಗೊತ್ತು ನಿಮಗೆ?"

"ಸುಮಾರು ದಿನ ಆಯ್ತು. ಕೇಳಿದ್ರೆ ಅವಳು ಇನ್ನೂ ಅಡಗಿಸಿಡ್ತಾಳೆ. ಹಟಮಾರಿ, ಚಿಕ್ಕಂದಿನಿಂದ ಹಂಗೇ." ಮಾವನ ದನಿ ಒಡೆದಿತ್ತು. ಒಳಗೆ ಟೀವಿ ಜೋರಾಗಿ ಓಡುತ್ತಿತ್ತು.

ಭಾನುವಾರ ಬೆಳಿಗ್ಗೆ ಮಾವ ಮತ್ತೆ ಬಂದರು. ಕೈಯಲ್ಲಿ ಬಟ್ಟೆ ಚೀಲ, ಚೀಲದ ತುಂಬ ಎಳೇ ಹೀರೇಕಾಯಿ.

"ಅಕ್ಕಾ, ನನ್ನ ಮಡಕೆ ಕೆಟ್ಟು ಕೂತಿದೆ. ಹೀರೇಕಾಯಿ ಸಿಪ್ಪೆ ಬಿದ್ರೇನೇ ಸರಿಹೋಗೋದು. ಸ್ವಲ್ಪ ಹೆರೆದು ಕೊಡು."

"ನಿನ್ನ ಹೆಂಡ್ತಿ ಇಲ್ವೇನೋ?"

"ಅವಳು ಪೀಲರ್‌ನಲ್ಲಿ ಕೆರೀತಾಳೆ, ಗೊಬ್ಬರಕ್ಕೆ ಅದು ಆಗಲ್ಲ. ಈಳಿಗೆಮಣೆಯಲ್ಲೇ ಹೆರೀಬೇಕು."

ಇಂಥ ಶಾಸ್ತ್ರ ಯಾವ ಗೊಬ್ಬರದಲ್ಲಿದೆಯೋ! ಅಮ್ಮ ಗೊಣಗುತ್ತಲೇ ಮೂಲೆಯಲ್ಲಿ ಧೂಳು ಹಿಡಿದಿದ್ದ ಈಳಿಗೆಮಣೆ ಎಳೆದುಕೊಂಡು ಕೂತಳು. ಹಸಿರು ಸಿಪ್ಪೆ ತಟ್ಟೆಯಲ್ಲಿ ರಾಶಿ ಬಿತ್ತು. ಮಾವ ಬಕೆಟ್ ಮುಂದೆ ಹಿಡಿದರು. ಅಮ್ಮನ ಕೈ ನಿಂತಿತು. ಒಂದು ಎಳೆ ಎತ್ತಿ ಮೂಗಿನ ಹತ್ತಿರ ಹಿಡಿದಳು.

"ಇಷ್ಟು ಎಳೇ ಸಿಪ್ಪೇನ ಯಾರಾದ್ರೂ ಮಡಕೆಗೆ ಹಾಕ್ತಾರೇನೋ? ಚಟ್ನಿಗೆ ಆಗತ್ತೆ."

"ಮಣ್ಣಿಗೆ ಹೋದ್ರೆ ಪರಿಸರಕ್ಕೆ ಒಳ್ಳೇದಕ್ಕಾ."

"ಹೊಟ್ಟೆಗೆ ಹೋದ್ರೆ ಪರಿಸರಕ್ಕೆ ಕೆಟ್ಟದ್ದಾ? ಅಮ್ಮ ಮಾಡಿದ ಸಿಪ್ಪೆ ಚಟ್ನಿ ತಿಂದು ಬೆಳೆದು, ಈಗ ನಂಗೆ ಪಾಠ ಹೇಳ್ತಾನೆ ನೋಡು."

"ಅರ್ಧನಾದ್ರೂ ಕೊಡು."

"ಒಂದೆಳೆನೂ ಕೊಡಲ್ಲ, ನಡಿಯೋ."

ಬೈಯುತ್ತಲೇ ಎದ್ದು ಒಲೆ ಹಚ್ಚಿದಳು. ಒಂದು ವರ್ಷದ ಮೇಲೆ ನಮ್ಮ ಮನೆಯಲ್ಲಿ ಅಮ್ಮ ಹುರಿದ ಉದ್ದಿನಬೇಳೆ, ಒಣಮೆಣಸಿನಕಾಯಿಯ ಘಾಟು ಎದ್ದಿತು. ನಾನು ಕೆಮ್ಮಿದೆ. ಕೆಮ್ಮಿನ ನೆಪದಲ್ಲಿ ಕಣ್ಣೂ ಒರೆಸಿಕೊಂಡೆ. ಬಿಸಿ ಅನ್ನ, ತುಪ್ಪ, ಚಟ್ನಿ ಬಂತು. ಮೊದಲ ತುತ್ತಿಗೇ ಮಾವ ಮುಖ ಸಿಂಡರಿಸಿದರು.

"ಉಪ್ಪು ಕಮ್ಮಿ."

"ಸರಿಯಾಗೇ ಹಾಕಿದೀನಲ್ಲೋ." ಅಮ್ಮ ಒಂದು ತುತ್ತು ಕಲಸಿ ಬಾಯಿಗಿಟ್ಟಳು. "ಸರಿಯಾಗಿದೆ."

"ಹುಳಿನೂ ಕಮ್ಮಿ."

ಅಮ್ಮ ಇನ್ನೊಂದು ತುತ್ತು ಕಲಸಿದಳು. ಖಾರದ ಬಗ್ಗೆಯೂ ತಕರಾರು ಬಂತು. ತಮ್ಮನ ನಾಲಿಗೆಯೇ ಕೆಟ್ಟಿದೆ ಎಂದು ಸಾಬೀತು ಮಾಡುವ ಭರದಲ್ಲಿ ಅಮ್ಮ ಪೂರ್ತಿ ಊಟ ಮಾಡಿ ಮುಗಿಸಿದಳು.

ಮಾವನನ್ನು ಬೀಳ್ಕೊಡಲು ಗೇಟಿನವರೆಗೆ ಹೋದೆ. "ನಿಜವಾಗ್ಲೂ ಮಡಕೆ ಕೆಟ್ಟಿತ್ತಾ ಮಾವ?" ಎಂದೆ. "ನನ್ನ ಮಡಕೆ ಯಾವತ್ತಾದ್ರೂ ಕೆಡತ್ತಾ?" ಎಂದು ಸ್ಕೂಟರ್ ತಳ್ಳಿಕೊಂಡು ಹೊರಟೇಬಿಟ್ಟರು.

ಸೋಮವಾರ ನಾನು ಎಂದಿನಂತೆ ಅಡುಗೆ ಮಾಡಲು ಹೋದರೆ ಅಮ್ಮ "ಬಿಡು, ಹೀರೇಕಾಯಿ ಮಿಕ್ಕಿದೆ, ನಾನೇ ಮಾಡ್ಕೋತೀನಿ" ಎಂದಳು. ನಂಬಬೇಕೋ ಬೇಡವೋ ತಿಳಿಯದೆ ಆಫೀಸಿಗೆ ಹೋದೆ. ಮಂಗಳವಾರ ಬೆಳಿಗ್ಗೆ ನಾನು ಚಪ್ಪಲಿ ಮೆಟ್ಟಿಕೊಳ್ಳುವಾಗ ಮಾವ ಬಂದರು. ಬಕೆಟ್ಟಿನಲ್ಲಿ ಸೌಟು ಆಡಿಸಿದರು. ಆಮೇಲೆ, ಕಾರ್ಖಾನೆಯಲ್ಲಿ ಬೋಲ್ಟು ಹಿಡಿಯುತ್ತಿದ್ದ ಹಾಗೆ, ಬಕೆಟ್ಟನ್ನೇ ಎತ್ತಿ ಬೆಳಕಿಗೆ ಓರೆಮಾಡಿ ತಳದವರೆಗೂ ನೋಡಿದರು.

"ಏನೋ ಅಷ್ಟೊತ್ತು ನೋಡ್ತಿದೀಯ?" ಅಡುಗೆಮನೆಯಿಂದ ಅಮ್ಮ ಕೂಗಿದಳು.

"ನಿಮ್ಮನೇಲಿ ಸಿಪ್ಪೆ ಕಮ್ಮಿ ಆಗ್ತಿದೆಯಕ್ಕಾ" ಎಂದು ಅವರೂ ಜೋರಾಗಿ ಕೂಗಿದರು. ಆಮೇಲೆ ನನ್ನ ಕಡೆ ತಿರುಗಿದರು. ಕಣ್ಣು ತುಂಬಿತ್ತು.

"ಒಂದು ಅಗುಳೂ ಇಲ್ಲ ಕಣಮ್ಮ."